ವಾಗಣಗೇರಾ ಗುಡ್ಡದಲ್ಲಿ ಕವಚದ ಲೆಕ್ಕ

ಗುರುಮಠಕಲ್‌ನಿಂದ ಯಾದಗಿರಿ ಮಾರ್ಗವಾಗಿ ಹೊರಟ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದು ಹಳೇ ಕೌದಿ ಇತ್ತು. ನೆಂಟರ ಮನೆಯ ಹುಡುಗರು ಕೊಟ್ಟು ಕಳಿಸಿದ್ದು. ಅವರು ಪೈಪಿಗೆ ಫೋಮ್ ಸುತ್ತಿ ಕತ್ತಿ ಮಾಡಿಕೊಂಡು, ಪಡೆ ಕಟ್ಟಿ, ಬಯಲಲ್ಲಿ ಓಡಾಡಿ ಕಾದಾಡುವ ಆಟ ಆಡುತ್ತಾರೆ. ಈ ಸಲ ಆರಿಸಿಕೊಂಡದ್ದು ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ 1705ರಲ್ಲಿ ಬಿದ್ದ ಮುತ್ತಿಗೆ: ಆ ಕಡೆ ಔರಂಗಜೇಬನ ದಂಡು, ಈ ಕಡೆ ಪಿಡ್ಡ ನಾಯಕನ ಬೇಡರ ಪಡೆ.

ತಕರಾರು ಎದ್ದದ್ದು ಕವಚದ ಅಂಕದ ಮೇಲೆ. ಇಂಥ ಆಟಗಳಲ್ಲಿ ಸಾಮಾನ್ಯವಾಗಿ ತೊಗಲಿಗೆ ಒಂದು, ಸರಪಳಿ ಅಂಗಿಗೆ ಎರಡು, ಉಕ್ಕಿನ ತಗಡಿಗೆ ಮೂರು. ಅಷ್ಟು ಏಟು ತಡೆದ ಮೇಲೆಯೇ ಮೈಗೆ ಗಾಯ. ಹಾಗೆ ಎಣಿಸಿದರೆ ಬರಿಮೈಯ ಬೇಡರು ಆಟಕ್ಕೆ ಮೊದಲೇ ಸೋತಂತೆ. “ಮತ್ತ ಅಷ್ಟು ದಿನ ಹೆಂಗ ತಡದ್ರು?” ಎಂದು ಒಬ್ಬ ಹುಡುಗಿ ಕೇಳಿದಳು. ಉತ್ತರವನ್ನು ಗುಡ್ಡದ ಮೇಲೆಯೇ ಹುಡುಕಬೇಕೆನಿಸಿತು.

ಯಾದಗಿರಿಯ ಬೆಟ್ಟದ ಕೋಟೆ ದೂರದಿಂದಲೇ ಕಂಡಿತು. ಇಳಿಯಲಿಲ್ಲ. ಭೀಮೆಯನ್ನು ದಾಟಿದರೆ ಶಹಾಪುರ, ಅಲ್ಲಿ ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಸಾಲು. ಆಮೇಲೆ ಕಾಲುವೆ ನೀರು ಬಂದಲ್ಲಿ ಭತ್ತ, ಬಾರದಲ್ಲಿ ತೊಗರಿ ಮತ್ತು ಹತ್ತಿ.

ಹತ್ತಿಯನ್ನು ಕಂಡಾಗ ಕೌದಿಯನ್ನು ಬಿಚ್ಚಿ ನೋಡಿದೆ. ಪದರದ ಮೇಲೆ ಪದರ ಹಳೇ ಸೀರೆ, ಬೆರಳಗಲಕ್ಕೊಂದು ಸಾಲಿನಂತೆ ಉದ್ದಕ್ಕೂ ಹೊಲಿಗೆ. ಹೊಲಿಗೆ ಒತ್ತಾದಷ್ಟೂ ಪದರ ಜರುಗುವುದಿಲ್ಲ, ಬಟ್ಟೆ ಗಟ್ಟಿಯಾಗುತ್ತದೆ. ದಖ್ಖನದ ಸೈನಿಕರು ತೊಡುತ್ತಿದ್ದ ಹತ್ತಿಯ ದಪ್ಪ ಅಂಗಿಯ ತತ್ವವೂ ಇದೇ. ಹಿಂದಿನ ಸಂಜೆ ಈ ಕೌದಿಯನ್ನು ಒಬ್ಬ ಹುಡುಗನ ಬೆನ್ನಿಗೆ ಸುತ್ತಿ ಫೋಮ್ ಕತ್ತಿಯಿಂದ ಹೊಡೆದು ನೋಡಿದ್ದೆವು. ಏಟು ಬಿದ್ದದ್ದು ಗೊತ್ತಾಯಿತು, ನೋವಾಗಲಿಲ್ಲ ಎಂದ. ಸರಪಳಿ ಅಂಗಿಯ ಗುಣ ಇದಕ್ಕೆ ತಿರುವುಮುರುವು. ಕತ್ತಿಯ ಅಲಗನ್ನು ಉಂಗುರಗಳು ತಡೆಯುತ್ತವೆ, ಆದರೆ ಪೆಟ್ಟಿನ ಭಾರ ನೇರ ಎಲುಬಿಗೆ ಇಳಿಯುತ್ತದೆ. ಅದಕ್ಕೇ ಉಂಗುರದ ಅಂಗಿಯ ಕೆಳಗೆ ಹತ್ತಿಯ ಅಂಗಿ ಬೇಕೇ ಬೇಕು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ‘ಚಾರ್ ಆಯಿನಾ’ ನೋಡಿದವರಿಗೆ ಇನ್ನೊಂದು ಸಂಗತಿಯೂ ನೆನಪಿರುತ್ತದೆ: ಎದೆಗೆ, ಬೆನ್ನಿಗೆ, ಎರಡು ಪಕ್ಕೆಗೆ ಒಂದೊಂದು ಉಕ್ಕಿನ ಫಲಕ, ನಡುವೆ ಸಂದು. ಆಟದಲ್ಲಿ ಇಡೀ ದೇಹಕ್ಕೆ ಮೂರು ಅಂಕ ಕೊಡುವುದು ಆ ಸಂದುಗಳನ್ನು ಮರೆತಂತೆ. ಅಂಕ ಕೊಡಬೇಕಾದದ್ದು ಕವಚ ಮುಚ್ಚಿದ ಅಂಗಕ್ಕೆ ಮಾತ್ರ.

ಸುರಪುರದಲ್ಲಿ ಟೇಲರ್ ಮಂಜಿಲ್ ನೋಡಿದೆ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಅದು. ಮನಸ್ಸು ಮಾತ್ರ ವಾಗಣಗೇರಾದಲ್ಲಿತ್ತು.

ಗುಡ್ಡ ಅಂಥ ಎತ್ತರವೇನಲ್ಲ. ಆದರೆ ಬಂಡೆಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಕೌದಿಯನ್ನು ಮೈಗೆ ಕಟ್ಟಿಕೊಂಡು ಏರತೊಡಗಿದೆ. ಅರ್ಧ ದಾರಿಗೇ ಬೆವರು ಕಣ್ಣಿಗಿಳಿಯಿತು. ಕುರಿ ಬಿಟ್ಟುಕೊಂಡು ನಿಂತಿದ್ದ ಹಿರಿಯರೊಬ್ಬರು ನೋಡಿ, “ಇದನ್ನ ಸುತಗೊಂಡು ಬಿಸಲಾಗ ಯಾರ್ರೀ ಗುಡ್ಡಾ ಏರ್ತಾರ?” ಎಂದರು. ಮೊಗಲ್ ಸೈನಿಕ ಏರಬೇಕಿತ್ತು, ಅದರ ಮೇಲೆ ಸುಮಾರು 10 ಕಿಲೋ ಉಂಗುರದ ಅಂಗಿ ಹೊತ್ತು. ಮುತ್ತಿಗೆ ನಡೆದದ್ದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಈ ಸೀಮೆಯ ಬಿಸಿಲು ಏರುತ್ತಾ ಹೋಗುವ ಕಾಲದಲ್ಲಿ.

ಮೇಲಿನಿಂದ ಬರುತ್ತಿದ್ದದ್ದು ಕತ್ತಿಯೂ ಅಲ್ಲ. ಬೇಡರು ಬಂದೂಕಿನ ಗುರಿಗೆ ಹೆಸರಾದವರು. ಲಾಲ್ ಟಿಕ್ರಿ ಎಂಬ ದಿಬ್ಬವನ್ನು ಮೊಗಲರು ಮೊದಲು ಹಿಡಿದರೂ, ಗುಂಡು ಮತ್ತು ಕಲ್ಲಿನ ಮಳೆಗೆ ಅಲ್ಲಿ ನಿಲ್ಲಲಾಗದೆ ಬಿಟ್ಟುಕೊಟ್ಟರು. ಎಂಬತ್ತು ದಾಟಿದ ಬಾದಶಹ ಖುದ್ದು ಎದುರಿಗಿದ್ದ. ಮೊಗಲ್ ಸೇನಾನಿ ಜುಲ್ಫಿಕರ್ ಖಾನ್ ಬಂದು ಸುತ್ತಲಿನ ಬಾವಿಗಳನ್ನು ವಶಪಡಿಸಿಕೊಂಡ ಮೇಲೆಯೇ ಪರಿಸ್ಥಿತಿ ತಿರುಗಿದ್ದು. ಆಗಲೂ ಪಿಡ್ಡ ನಾಯಕ ರಾತ್ರಿ ತನ್ನ ಜನರೊಂದಿಗೆ ಜಾರಿಕೊಂಡ. ದಂಡಿಗೆ ಸಿಕ್ಕಿದ್ದು ಬರಿದಾದ ಕೋಟೆ.

ಇನ್ನು ಆಟದ ನಿಯಮದ ಮಾತು. ಅಮೆರಿಕದಲ್ಲಿ 1966ರಲ್ಲಿ ಶುರುವಾದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ’ ಎಂಬ ಕೂಟ ಬೆತ್ತದ ಕತ್ತಿಗಳಲ್ಲಿ ಕಾದಾಡುತ್ತದೆ. ಅಲ್ಲಿ ಎಲ್ಲರೂ ಸರಪಳಿ ಅಂಗಿ ತೊಟ್ಟವರೆಂದೇ ಭಾವಿಸಿ ಏಟಿನ ಬಲವನ್ನು ಅಳೆಯುತ್ತಾರೆ. ಸಮಾನರ ಕಾಳಗಕ್ಕೆ ಅದು ಒಳ್ಳೆಯ ನಿಯಮ. ವಾಗಣಗೇರಾಕ್ಕೆ ಹೊಂದುವುದಿಲ್ಲ; ಇಲ್ಲಿ ಇಬ್ಬರೂ ಸಮಾನರಾಗಿರಲಿಲ್ಲ, ಕಥೆಯ ಜೀವ ಇರುವುದೇ ಅಲ್ಲಿ.

ಗುಡ್ಡದ ಮೇಲೆ ಕೂತು ಬರೆದ ಲೆಕ್ಕ ಇದು. ಹತ್ತಿಯ ಅಂಗಿಗೆ ಒಂದು, ಉಂಗುರದ ಅಂಗಿಗೆ ಎರಡು, ಉಂಗುರದಡಿ ಹತ್ತಿಯೂ ಇದ್ದರೆ ಮೂರು, ಫಲಕ ಮುಚ್ಚಿದಷ್ಟು ಜಾಗಕ್ಕೆ ಮಾತ್ರ ನಾಲ್ಕು. ಎರಡಕ್ಕಿಂತ ಹೆಚ್ಚು ಅಂಕ ಹೊತ್ತವರು ಏರುದಾರಿಯಲ್ಲಿ ಓಡುವಂತಿಲ್ಲ, ನಡೆಯಬೇಕು. ಗುಂಡಿನ ಗುರುತಿಗೆ ಇಟ್ಟ ಬಟ್ಟೆಯ ಚೆಂಡು ತಗುಲಿದರೆ ಕವಚದ ಅಂಕಕ್ಕೆ ಬೆಲೆ ಇಲ್ಲ. ಬಾವಿ ಕಳೆದುಕೊಂಡ ಪಡೆ ಗಾಯ ಮಾಗಿಸಿಕೊಳ್ಳುವಂತಿಲ್ಲ.

ಇಂಥ ಆಟ ಆಡಿಸುವ ಶಿಕ್ಷಕರಲ್ಲಿ, ಹಿರಿಯರಲ್ಲಿ ಒಂದು ಬಿನ್ನಹ: ಅಂಕದ ಕವಚ ಏನೇ ಇರಲಿ, ಮಕ್ಕಳ ತಲೆ, ಕಣ್ಣು, ಕುತ್ತಿಗೆಗೆ ನಿಜವಾದ ರಕ್ಷಣೆ ಕೊಡಿ, ಅಲ್ಲಿಗೆ ಹೊಡೆಯುವುದನ್ನು ಪೂರ್ತಿ ನಿಷೇಧಿಸಿ.