ಗೋಡೆಯ ತೆಳುಪೊರೆ

ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿರುವುದರಿಂದ ನಮ್ಮ ಊರಿನ ಧೂಳೂ ಕೆಂಪು. ಬಿಳಿಯ ಗೋಡೆಯುಳ್ಳ ಗೃಹಸ್ಥರಿಗೆ ಇದರ ಉಪದ್ರವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಬೇಸಗೆಯಲ್ಲಿ ಮಗಳ ಲಗ್ನದ ನಿಮಿತ್ತ ಪಡಸಾಲೆಗೆ ಸುಣ್ಣದ ಬದಲು ಎಮಲ್ಷನ್ ಬಣ್ಣವನ್ನು ಬಳಿಸಿದೆವು. ಐದನೆಯ ದಿನ ನಮ್ಮ ತಾಯಿಯವರು ಗೋಡೆಯ ಮೇಲೆ ಕೆಂಪು ಧೂಳನ್ನು ಕಂಡು ಒದ್ದೆ ಬಟ್ಟೆಯಿಂದ ತಿಕ್ಕಿದರು. ಬಣ್ಣವು ಅಲ್ಲಲ್ಲಿ ಎದ್ದು ಬಂದಿತು. "ಏನು ಮಾಡಿದಿ ಅವ್ವಾ!" ಎಂದು ನಾವು ಗದರಿದೆವು. ಅವರು ಮಾತಾಡದೆ ಬಟ್ಟೆಯನ್ನು ಹಿಂಡಿ ಒಳಗೆ ಹೋದರು.

ವಿಚಾರಿಸಿ ನೋಡಲು ತಪ್ಪು ನಮ್ಮದೇ ಆಗಿತ್ತು. ಒಂದು ತಿಂಗಳು ನೀರು ಸೋಕಿಸಬಾರದೆಂದು ಬಣ್ಣದ ಕೆಲಸದವನು ಹೇಳಿದ್ದುದನ್ನು ನಾವು ಅವರಿಗೆ ತಿಳಿಸಿರಲಿಲ್ಲ.

ಈ ಬಣ್ಣದಲ್ಲಿ ಪಾಲಿಮರಿನ ಸೂಕ್ಷ್ಮ ಕಣಗಳು, ಹಾಲಿನಲ್ಲಿ ಜಿಡ್ಡಿನ ಹನಿಗಳಿರುವಂತೆ, ನೀರಿನಲ್ಲಿ ತೇಲುತ್ತಿರುವುವು. ರಬ್ಬರ್ ಮರದ ಹಾಲಿಗೆ ಸಲ್ಲುವ ಲೇಟೆಕ್ಸ್ ಎಂಬ ಹೆಸರು ಇದಕ್ಕೂ ಸಲ್ಲುವುದು. ಒಂದೊಂದು ಕಣವೂ ಮಿಲಿಮೀಟರಿನ ಹತ್ತುಸಾವಿರ ಪಾಲುಗಳಲ್ಲಿ ಒಂದೆರಡು ಪಾಲಿನಷ್ಟು ಮಾತ್ರ. ನೀರು ಆರಿದಂತೆ ಕಣಗಳು ಒತ್ತೊತ್ತಾಗಿ ಸೇರಿ, ಚಪ್ಪಟೆಯಾಗಿ, ತಲೆಗೂದಲಿಗಿಂತ ತೆಳುವಾದ ಪೊರೆಯಾಗುವುವು. ಕೈಗೆ ಒಣಗಿದಂತೆ ತೋರಿದರೂ, ಕಣಗಳೊಳಗಿನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಪೊರೆಗೆ ಪೂರ್ಣ ಬಲ ಬರಲು ಕೆಲವು ವಾರಗಳೇ ಬೇಕು.

ಕಣಗಳು ತೀರ ಗಡುಸಾಗಿದ್ದರೆ ಒಂದುಗೂಡದೆ ಪೊರೆಯು ಬಿರಿಯುವುದು. ತೀರ ಮೆತ್ತಗಿದ್ದರೆ ಬೇಸಗೆಯ ಕಾವಿಗೆ ಇನ್ನಷ್ಟು ಮೆತ್ತಗಾಗಿ ಧೂಳನ್ನು ಅಂಟಿಸಿಕೊಳ್ಳುವುದು. ತಿಕ್ಕುವ ಬಟ್ಟೆಗೂ ಹೆಚ್ಚಾಗಿ ತಾಗಿ ಘರ್ಷಣೆಯು ಬೆಳೆಯುವುದು. ಕಣಗಳನ್ನು ಕೂಡಿಸುವ ಮೃದುತ್ವವೇ ಧೂಳನ್ನೂ ಹಿಡಿಯುವುದೆಂಬುದು ಇಲ್ಲಿಯ ತೊಡಕು. ಮೇಲಾಗಿ ಅದಿರಿನ ಧೂಳು ಗಡುಸು. ಬಟ್ಟೆಗೆ ಸಿಕ್ಕಿಕೊಂಡು ಉಜ್ಜುಕಾಗದದಂತೆ ಗೋಡೆಯನ್ನು ಕೆರೆಯುವುದು. ಆದುದರಿಂದ ತಿಂಗಳು ಕಳೆದ ಮೇಲೆಯೂ ಮೊದಲು ಮೆತ್ತನೆಯ ಒಣ ಬಟ್ಟೆಯಿಂದ ಧೂಳನ್ನು ಝಾಡಿಸಿ, ಅನಂತರವೇ ಒದ್ದೆ ಬಟ್ಟೆಯಿಂದ ಹಗುರವಾಗಿ ಒರಸತಕ್ಕದ್ದು.

ಇದನ್ನೆಲ್ಲ ತಾಯಿಯವರಿಗೆ ಹೇಳಿ ಕ್ಷಮೆ ಬೇಡಿದೆವು. ಅವರು ನಕ್ಕು, "ಸುಣ್ಣಕ್ಕೂ ಗಟ್ಟಿಯಾಗಲಿಕ್ಕೆ ದಿನ ಬೇಕಲ್ಲೋ ತಮ್ಮಾ. ಕಾಯಬೇಕಂತ ಒಂದು ಮಾತು ಹೇಳಿದ್ದರೆ ಕಾಯುತ್ತಿದ್ದೆ" ಎಂದರು. ಆ ಒಂದು ಮಾತನ್ನು ನಾವು ಹೇಳಿರಲಿಲ್ಲ. ಗದರುವ ಮಾತು ಮಾತ್ರ ಬೇಗನೆ ಬಂದಿತ್ತು.

ಗೋಡೆಗೆ ಮತ್ತೊಮ್ಮೆ ಬಣ್ಣ ಬಳಿಸಿದೆವು. ಈ ಸಲ ತಿಂಗಳ ದಿನಗಳನ್ನು ಎಣಿಸಿ, ಮಕ್ಕಳ ಕೈ ತಾಗದಂತೆ ಕಾದವರು ನಮ್ಮ ತಾಯಿಯವರೇ.