ಈಜು, ಸವಾರಿ, ಓಟ: ವಳ್ಳೂರಿನ ದಾರಿಯಲ್ಲಿ

ಯಂತ್ರದ ಹಂಗಿಲ್ಲದೆ ಮನುಷ್ಯನು ಮುಂದೆ ಸಾಗಬೇಕಾದರೆ ಅವನಿಗೆ ಮೂರು ಮಾರ್ಗಗಳುಂಟು. ನೀರಿದ್ದಲ್ಲಿ ಈಜಬೇಕು, ಹಾದಿಯಿದ್ದಲ್ಲಿ ಸೈಕಲ್ ತುಳಿಯಬೇಕು, ಎರಡೂ ಇಲ್ಲದಲ್ಲಿ ಕಾಲನ್ನು ನಂಬಿ ಓಡಬೇಕು. ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ, ನಡುವೆ ಕುಳಿತು ಸುಧಾರಿಸಿಕೊಳ್ಳದೆ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿ ಈ ಹೆಸರಿನ ಸ್ಪರ್ಧೆಯೊಂದು ನಡೆಯಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಆಟಕ್ಕೆ ರಾಜಮರ್ಯಾದೆಯೇ ದೊರಕಿತು. ಅಲ್ಲಿಯ ಕ್ರಮ 1,500 ಮೀಟರು ಈಜು, 40 ಕಿಲೋಮೀಟರು ಸೈಕಲ್ ಸವಾರಿ, 10 ಕಿಲೋಮೀಟರು ಓಟ. ಹೊಸಬರಿಗೆ ಇದರ ಅರ್ಧ ಸಾಕು.

ನಮ್ಮ ವಿಶ್ವವಿದ್ಯಾನಿಲಯದ ಕೆಲವು ವಿದ್ಯಾರ್ಥಿಗಳು ಈ ಆಟಕ್ಕಾಗಿ ಕೂಟವೊಂದನ್ನು ಕಟ್ಟಿಕೊಂಡಿದ್ದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಹಳಗನ್ನಡ ಪಾಠ ಹೇಳುವ ಅಧ್ಯಾಪಕನಾದ ನಾನು ಅದಕ್ಕೆ ಸೇರಿದಾಗ ಹುಡುಗರಿಗೆ ವಿನೋದವೋ ವಿನೋದ. “ಸಾರ್, ರನ್ನನ ದುರ್ಯೋಧನನ ಹಾಗೆ ಸರೋವರದಲ್ಲಿ ಅಡಗಿ ಕೂರುವಂತಿಲ್ಲ, ಆಚೆ ದಡ ಮುಟ್ಟಬೇಕು” ಎಂದು ಒಬ್ಬ ನನ್ನ ಪಾಠವನ್ನೇ ನನಗೆ ಒಪ್ಪಿಸಿದ. ಬೆಳಗಿನ ಐದೂವರೆಗೆ ಈಜುಕೊಳ. 25 ಮೀಟರಿನ ಆ ಕೊಳವನ್ನು 30 ಬಾರಿ ದಾಟಿದರೆ 750 ಮೀಟರು. ಭಾನುವಾರ ಸೈಕಲ್ಲು, ಅದರಿಂದ ಇಳಿದ ಕೂಡಲೇ ಓಟ. ಒಂದು ಗಂಟೆ ಪೆಡಲ್ ತುಳಿದ ಕಾಲು ನೆಲಕ್ಕೆ ತಗಲಿದಾಗ ಅದು ನಮ್ಮ ಕಾಲೋ, ಯಾರಾದರೂ ಕಟ್ಟಿಕೊಟ್ಟ ಮರದ ತುಂಡೋ ತಿಳಿಯದು. ಆ ಸಂಶಯ ಕಳೆಯುವವರೆಗೂ ಓಡುವುದೇ ಅಭ್ಯಾಸದ ಸಾರ.

ಕೂಟದಲ್ಲಿ ಒಬ್ಬ ಹುಡುಗನಿದ್ದ. ಸೈಕಲ್ಲಿನಲ್ಲಿ ಅವನ ಹಿಂದಿನ ಚಕ್ರವನ್ನು ನೋಡುವುದಷ್ಟೇ ನಮ್ಮ ಭಾಗ್ಯ. ಓಟದಲ್ಲಿ ಅದೂ ಇಲ್ಲ. ಆದರೆ ಅವನಿಗೆ ಈಜು ಬಾರದು. ಸ್ಪರ್ಧೆಯಲ್ಲಿ ಈಜು ಮೊದಲು ಬರುತ್ತದೆ, ದಣಿದ ಮೈಯನ್ನು ನೀರಿಗೆ ಇಳಿಸುವುದು ಪ್ರಾಣಾಪಾಯವಾದ್ದರಿಂದ. ಹೀಗಾಗಿ ಈಜು ಬಾರದವನಿಗೆ ಉಳಿದೆರಡು ವಿದ್ಯೆಗಳಿದ್ದೂ ಬಾಗಿಲೇ ತೆರೆಯದು. “ಹಳ್ಳಿಯಲ್ಲಿ ಬೆಳೆದವನಿಗೆ ಈಜು ಬರುವುದಿಲ್ಲವೇನಯ್ಯ?” ಎಂದು ಕೇಳಿದೆ. ಅವನು ನಕ್ಕು, “ಒಮ್ಮೆ ನಮ್ಮೂರಿಗೆ ಬನ್ನಿ ಸಾರ್” ಎಂದ. ಅವನ ಊರು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯ ವಳ್ಳೂರು.

ಡಿಸೆಂಬರಿನ ಒಂದು ರಜೆಯಲ್ಲಿ ನಾಲ್ವರು ಸೈಕಲ್ಲೇರಿ ತುಮಕೂರಿನಿಂದ ಹೊರಟೆವು. ಕೊರಟಗೆರೆಯನ್ನು ದಾಟಿ ಮುಂದೆ ಸಾಗಿದಂತೆ ಬಂಡೆಗಳ ರಾಜ್ಯ ತೆರೆದುಕೊಳ್ಳುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಮೊದಲ ಬಾರಿ ಕಾಣುವವನು ಬ್ರೇಕು ಹಿಡಿಯದೆ ಇರಲಾರ. ಊರಿನ ಬೆನ್ನಿಗೆ ಆನೆಯೊಂದು ಒರಗಿ ನಿಂತಂತೆ ಒಂದೇ ಕಲ್ಲು! ಅಂದು ಅಲ್ಲಿಯೇ ತಂಗಿ, ಮರುದಿನ ಬೆಳಕು ಹರಿಯುತ್ತಲೇ ಬೆಟ್ಟ ಹತ್ತಿದೆವು. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳ ಮೇಲೆ ಹುಡುಗರು ಕಂಬಿ ಮುಟ್ಟದೆ ಓಡಿದರು. ನಾನು ಕಂಬಿಯನ್ನು ಬಂಧುವಿನಂತೆ ಅಪ್ಪಿಕೊಂಡು ಏರಿದೆ.

ಈ ಕೋಟೆಯ ಹುಟ್ಟಿಗೆ ಒಂದು ಐತಿಹ್ಯವಿದೆ. ಪಾಳೆಯಗಾರ ರಾಜಾ ಹಿರೇಗೌಡನ ಕಾಲದಲ್ಲಿ, ಮಂದೆಯಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದ್ದ ಕುರಿಯೊಂದು ಮೈಯಿಂದ ನೀರು ತೊಟ್ಟಿಕ್ಕುತ್ತ ಹಿಂತಿರುಗಿತಂತೆ. ಮೇಲೆ ಚಿಲುಮೆಯಿದೆಯೆಂದು ಅದರಿಂದ ಊಹಿಸಿದ ಗೌಡ, ಬೆಟ್ಟವೇರಿ ಮಣ್ಣಿನ ಕೋಟೆ ಕಟ್ಟಿಸಿದನಂತೆ. “ಹಾಗಾದರೆ ಈ ಸೀಮೆಯ ಮೊದಲನೆಯ ಟ್ರಯಥ್ಲಾನ್ ಪಟು ಆ ಕುರಿಯೇ, ಸೈಕಲ್ ಒಂದು ಕಡಮೆ” ಎಂದರು ಹುಡುಗರು. ನಗುವಿನೊಳಗೆ ಒಂದು ಸತ್ಯವೂ ಇತ್ತು. ಈ ಬಯಲುಸೀಮೆಯಲ್ಲಿ ಕೋಟೆಯಾಗಲಿ ಊರಾಗಲಿ ಹುಟ್ಟಿದ್ದು ನೀರಿನ ಸುಳಿವನ್ನು ಹಿಡಿದು.

ಮಧುಗಿರಿಯನ್ನು ಬಿಟ್ಟು ಪಾವಗಡದತ್ತ ಹೊರಳಿದರೆ ಭೂಮಿ ಇನ್ನೂ ಒಣಗುತ್ತದೆ. ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರಪ್ರದೇಶ. ಕನ್ನಡದ ಮಾತಿಗೆ ತೆಲುಗಿನ ಒಗ್ಗರಣೆ. ಕಡಲೆಕಾಯಿಯ ಹೊಲಗಳು, ಜಾಲಿಯ ಮುಳ್ಳು, ಅಲ್ಲೊಂದು ಇಲ್ಲೊಂದು ಗುಡ್ಡ. ಉತ್ತರ ಪಿನಾಕಿನಿ ಇಲ್ಲಿಯ ನದಿ. ಆದರೆ ಮಳೆ ಕೃಪೆ ಮಾಡಿದ ವರ್ಷವಷ್ಟೇ ಅದು ನದಿ, ಉಳಿದಂತೆ ಮರಳಿನ ಹಾಸು.

ವಳ್ಳೂರು ಸಮೀಪಿಸಿದಾಗ ಕಂಡ ನೋಟವನ್ನು ಮರೆಯಲಾರೆ. ದಿಗಂತದವರೆಗೆ ನೀಲಿ! ಮಧ್ಯಾಹ್ನದ ಬಿಸಿಲಿನಲ್ಲಿ ಮಿರುಗುವ ಮಹಾ ಸರೋವರ! ನಮ್ಮಲ್ಲೊಬ್ಬ, “ಇಷ್ಟು ದೊಡ್ಡ ಕೆರೆಯನ್ನು ಇಟ್ಟುಕೊಂಡು ಈಜು ಬರುವುದಿಲ್ಲವೆನ್ನುತ್ತೀಯಲ್ಲೋ!” ಎಂದು ಕೂಗಿಯೇಬಿಟ್ಟ. ಹತ್ತಿರ ಹೋದರೆ ಅದು ನೀರಲ್ಲ, ಗಾಜು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ ಸೌರ ವಿದ್ಯುತ್ ಉದ್ಯಾನ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣಗೊಂಡ ಇದರ ಸಾಮರ್ಥ್ಯ 2,050 ಮೆಗಾವಾಟ್. ರೈತರು ನೆಲವನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಮಳೆಯನ್ನು ನಂಬಿ ಕೆಟ್ಟವರಿಗೆ ಬಿಸಿಲು ಅನ್ನ ಕೊಟ್ಟಿತು. ನೆಲವಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಮಾತ್ರ ಹೊಲದ ಕೆಲಸವೂ ತಪ್ಪಿತು. ಈ ಫಲಕಗಳ ಮೇಲೆ ಧೂಳು ಕೂತರೆ ವಿದ್ಯುತ್ತು ತಗ್ಗುತ್ತದೆ. ತೊಳೆಯುವುದಕ್ಕೆ ಮತ್ತೆ ನೀರೇ ಬೇಕು!

ಹುಡುಗನ ಮನೆಯಲ್ಲಿ ಮುದ್ದೆ, ಹುರುಳಿ ಸಾರಿನ ಊಟವಾಯಿತು. ಅವನ ತಾತ ನಮ್ಮನ್ನು ಹಳೆಯ ಬಾವಿಯೊಂದರ ಬಳಿಗೆ ಕರೆದೊಯ್ದರು. ಕಲ್ಲುಕಟ್ಟಿನ, ಮೆಟ್ಟಿಲಿಳಿಯುವ ದೊಡ್ಡ ಬಾವಿ. ತಳದಲ್ಲಿ ಜಾಲಿಗಿಡ ಬೆಳೆದಿತ್ತು. “ಈಜು ಕಲ್ಸಾಕೆ ಮೇಷ್ಟ್ರು ಯಾರಿದ್ರು ಸ್ವಾಮಿ? ಬೆನ್ನಿಗೆ ಒಣಗಿದ ಕತ್ತಾಳೆ ದಿಂಡು ಕಟ್ಟಿ, ಇಲ್ಲಿಂದ ನೂಕೋರು. ನಾಕು ದಿನಕ್ಕೆ ದಿಂಡು ಬಿಚ್ಚೋರು. ನನ್ನ ಮಗನಿಗೆ ನಾನೇ ಕಲಿಸ್ದೆ. ಮೊಮ್ಮಗನ್ನ ನೂಕಿದ್ರೆ ಮೂಳೆ ಮುರೀತದೆ” ಎಂದು ತಾತ ಬಾವಿಯ ಕಡೆ ನೋಡಿದರು.

ನನ್ನ ಪ್ರಶ್ನೆಗೆ ಉತ್ತರ ಆ ಬಾವಿಯಲ್ಲಿತ್ತು. ತೆರೆದ ಬಾವಿಗೆ ನೀರು ಬರುವುದು ನೆಲದ ಮೇಲ್ಪದರದಿಂದ. ಕೊಳವೆ ಬಾವಿಗಳು ಬಂಡೆಯ ಬಿರುಕುಗಳನ್ನು ಹುಡುಕಿಕೊಂಡು ನೂರಾರು ಅಡಿ ಆಳಕ್ಕೆ ಇಳಿದು ನೀರೆತ್ತತೊಡಗಿದ ಮೇಲೆ ಮೇಲ್ಪದರ ಬರಿದಾಯಿತು. ಬಾವಿ ಬತ್ತಿತೆಂದು ನಾವು ಬೆಳೆಯ ಲೆಕ್ಕ ಹಾಕುತ್ತೇವೆ. ಅದರ ಜೊತೆಗೆ ಒಂದು ವಿದ್ಯೆಯೂ ಬತ್ತಿತೆಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ತಾತನಿಗೆ, ಮಗನಿಗೆ ಬಂದದ್ದು ಮೊಮ್ಮಗನಿಗೆ ಬರಲಿಲ್ಲ.

ಇದು ಕೇವಲ ಆಟದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನೀರು ಹೋಯಿತೆಂದರೆ ಪೂರ್ಣವಾಗಿ ಹೋದದ್ದೂ ಅಲ್ಲ. ಒಳ್ಳೆಯ ಮಳೆಯಾದ ವರ್ಷ ಕೆರೆ ತುಂಬುತ್ತದೆ. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳು ನಾಡಿನ ಒಣ ಹೊಲಗಳಲ್ಲಿ ಅನೇಕವಿವೆ. ಪ್ಲಾಸ್ಟಿಕ್ ಹಾಸಿದ ಅವುಗಳ ಅಂಚಿನಲ್ಲಿ ಜಾರಿದವನಿಗೆ ಕಾಲೂರಲು ಹಿಡಿತ ಸಿಗದು. ನೀರನ್ನೇ ಕಾಣದೆ ಬೆಳೆದ ಮಗು ಅದನ್ನು ಕಂಡ ದಿನ ಸಂತೋಷದಿಂದ ಇಳಿಯುತ್ತದೆ. ಬೇಸಗೆಯ ರಜೆಯಲ್ಲಿ ಪತ್ರಿಕೆ ತೆರೆದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಊರಿನಿಂದ ಮರಳಿದ ಮೇಲೆ ಕೂಟದವರು ಒಂದು ತೀರ್ಮಾನ ಮಾಡಿದರು. ಈಜು ಬಾರದವರನ್ನು ಹಿಂದಕ್ಕೆ ಕಳಿಸುವ ಬದಲು ಕಲಿಸಿಯೇ ಸೇರಿಸಿಕೊಳ್ಳುವುದು. ವಳ್ಳೂರಿನ ಹುಡುಗ ಮೊದಲನೆಯ ಶಿಷ್ಯ. ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದಕ್ಕೆ ಅವನಿಗೆ ಒಂದು ವಾರ ಹಿಡಿಯಿತು; ಕೊಳದ ಒಂದು ಅಗಲ ದಾಟಲು ಮೂರು ವಾರ. ಮೂರು ತಿಂಗಳು ಕಳೆದ ಮೇಲೆ ಅವನು 30 ಬಾರಿ ದಾಟಿ ಅಂಚು ಹಿಡಿದು ನಿಂತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಎಣಿಕೆಯನ್ನು ಇನ್ನೊಮ್ಮೆ ಸರಿನೋಡುತ್ತಿದ್ದರು. ಆ ಸಂಜೆಯೇ ಅವನು ಫೋನಿನಲ್ಲಿ ತಾತನಿಗೆ ಸುದ್ದಿ ಮುಟ್ಟಿಸಿದ. “ದಿಂಡು ಬಿಚ್ಚಿದ್ರಾ?” ಎಂದು ಕೇಳಿದರಂತೆ ಅವರು.

ನಮ್ಮ ಪಟ್ಟಣಗಳಲ್ಲಿ ಈಜುಕೊಳವೆಂದರೆ ಅನುಕೂಲಸ್ಥರ ವಿಲಾಸವೆಂಬ ಭಾವನೆ ಇನ್ನೂ ಉಳಿದಿದೆ. ಬಾವಿಗಳು ತುಂಬಿದ್ದ ಕಾಲದಲ್ಲಿ ಹಾಗೆ ಹೇಳಬಹುದಾಗಿತ್ತು. ಈಗ ತಾಲ್ಲೂಕಿಗೊಂದು ಕೊಳ, ಅದರ ದಡದಲ್ಲಿ ತಿಳಿದ ಗುರು, ಇವು ಶಾಲೆಯ ಕಪ್ಪುಹಲಗೆಯಷ್ಟೇ ಅವಶ್ಯ. ಸೈಕಲ್ಲನ್ನೂ ಓಟವನ್ನೂ ಹಳ್ಳಿಯ ಹಾದಿಯೇ ಕಲಿಸಿಕೊಡುತ್ತದೆ. ಮೂರನೆಯದನ್ನು ನಾವು ಕಲಿಸಬೇಕು.