ಔಷಧದ ಮೂಲವನ್ನು ಕೇಳಿದ ದಿನ

2023ರ ಕಾರ್ತಿಕ ಮಾಸದಲ್ಲಿ ನಮ್ಮ ತಾಯಿಯವರು ಬಸದಿಯ ಮೆಟ್ಟಿಲೇರುವಾಗ ಎರಡು ಬಾರಿ ಕುಳಿತುಬಿಟ್ಟರು. ಅವರಿಗಾಗ 74 ವರ್ಷ. ಚತುರ್ದಶಿಯ ಉಪವಾಸದ ನಿಶ್ಶಕ್ತಿಯೆಂದೇ ನಾವು ಭಾವಿಸಿದೆವು. ತಾಲ್ಲೂಕಿನ ಚಿಕ್ಕ ಆಸ್ಪತ್ರೆಯಲ್ಲಿ ಇ.ಸಿ.ಜಿ. ನೋಡಿದ ವೈದ್ಯರು ಹೃದಯದ ಲಯವೇ ತಪ್ಪಿದೆ ಎಂದರು. ಮೇಲಿನ ಕೋಣೆಗಳು ಸಂಕೋಚಗೊಳ್ಳದೆ ಬರಿದೆ ಅದುರುವ ಈ ವ್ಯಾಧಿಗೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೆಸರು. ವಿದ್ಯುತ್ತಿನ ಆಘಾತದಿಂದ ಲಯವನ್ನು ಸರಿಪಡಿಸುವ ಕಾರ್ಡಿಯೋವರ್ಶನ್ ಚಿಕಿತ್ಸೆಯನ್ನು ಅಲ್ಲಿಯೇ ಮಾಡಬಹುದಿತ್ತು, ಆದರೆ ಅಂದೇ ಅಲ್ಲ. ಲಯ ಎಂದು ತಪ್ಪಿತೆಂದು ತಿಳಿಯದಿರುವಾಗ, ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವುಂಟು. ಲಯ ಮರಳಿದ ಮೇಲೆ ಆ ಹೆಪ್ಪು ಮಿದುಳನ್ನು ಸೇರಿದರೆ ಪಾರ್ಶ್ವವಾಯು. ಅನ್ನನಾಳದ ಮೂಲಕ ಹೃದಯವನ್ನು ನೋಡುವ ಉಪಕರಣ ಅಲ್ಲಿರಲಿಲ್ಲ. ಆದ್ದರಿಂದ ಹೆಪ್ಪು ತಡೆಯುವ ಔಷಧವನ್ನು ಕನಿಷ್ಠ 3 ವಾರ ಕೊಡಬೇಕೆಂದರು.

ಮೊದಲಿಗೆ ಹೆಪಾರಿನ್ ಚುಚ್ಚುಮದ್ದು ಎಂದಾಗ, ಅದು ಯಾವುದರಿಂದ ಆದದ್ದೆಂದು ಹೊರಗೆ ಕರೆದು ಕೇಳಿದೆ. ವೈದ್ಯರು ಮುಚ್ಚಿಡಲಿಲ್ಲ: ಹಂದಿಯ ಕರುಳಿನ ಒಳಪೊರೆಯಿಂದ.

“ಅಮ್ಮನಿಗೆ ಹೇಳಬೇಡಿ, ಕೊಟ್ಟುಬಿಡಿ” ಎಂದೆ. ಬರೆಯಲು ನಾಚಿಕೆಯಾಗುತ್ತದೆ. ಅಹಿಂಸೆಯ ಚಿಂತೆಯಿಂದ ಕೇಳಿದವನು ಮರುಗಳಿಗೆಯಲ್ಲೇ ಅಸತ್ಯಕ್ಕೆ ಸಿದ್ಧನಾಗಿದ್ದೆ. ಅದೂ ಜೀವಮಾನವೆಲ್ಲ ಅಣುವ್ರತಗಳನ್ನು ಪಾಲಿಸಿದ ತಾಯಿಯ ವಿಷಯದಲ್ಲಿ. ವೈದ್ಯರು, “ವ್ರತ ಅವರದ್ದಲ್ಲವೇ? ಅವರನ್ನೇ ಕೇಳೋಣ” ಎಂದು ಒಳಗೆ ನಡೆದರು.

ತಾಯಿಯವರು ಎಲ್ಲವನ್ನೂ ಕೇಳಿ, “ಬೇರೆ ಮದ್ದಿಲ್ಲವೇ ಡಾಕ್ಟರೇ?” ಎಂದಷ್ಟೇ ಅಂದರು. ಇತ್ತು! ಅಪಿಕ್ಸಬಾನ್ ಎಂಬ ಮಾತ್ರೆ. ಅದರ ಔಷಧಾಂಶ ರಾಸಾಯನಿಕವಾಗಿ ತಯಾರಾಗುವಂಥದು, ಕೆಲವೇ ಗಂಟೆಗಳಲ್ಲಿ ಕೆಲಸ ಆರಂಭಿಸುವಂಥದು. ತಾಯಿಯವರ ಸ್ಥಿತಿ ಸ್ಥಿರವಾಗಿದ್ದುದರಿಂದ ಅಷ್ಟೇ ಸಾಕೆಂದರು. ದಿನಕ್ಕೆರಡು ಬಾರಿ, ಎರಡನೆಯದನ್ನು ಸೂರ್ಯಾಸ್ತಕ್ಕೆ ಮುನ್ನವೇ ನುಂಗುವರು.

ಚಿಕಿತ್ಸೆಯ ದಿನ, 6 ಗಂಟೆ ಕಾಲ ಆಹಾರ ಕೂಡದೆಂದಾಗ ತಾಯಿಯವರಿಗೆ ನಗು ಬಂತು. ಈ ಸಲ ಅವರೇ ವಿಚಾರಿಸಿದರು. ನಿದ್ರೆಗೆ ಕೊಡುವ, ಹಾಲಿನಂತೆ ಬಿಳಿಯಾದ ಪ್ರೊಪೊಫಾಲ್‌ನಲ್ಲಿ ಮೊಟ್ಟೆಯ ಲೆಸಿಥಿನ್ ಇರುತ್ತದೆ. ಅದರ ಬದಲು ಮಿಡಜೋಲಮ್ ಕೊಟ್ಟರು. ಯಂತ್ರವು ಹೃದಯದ ಬಡಿತವನ್ನು ಗುರುತಿಸಿ, ಅದರೊಡನೆ ಹೊಂದಿಸಿ ಆಘಾತ ನೀಡುತ್ತದೆ. ತಪ್ಪು ಕ್ಷಣದಲ್ಲಿ ಬಿದ್ದರೆ ಕೆಳಕೋಣೆಗಳೇ ಅದುರಿ ಪ್ರಾಣಕ್ಕೆ ಅಪಾಯ. 200 ಜೌಲ್‌ನ ಒಂದೇ ಆಘಾತಕ್ಕೆ ಲಯ ಮರಳಿತು. ಈ ವಿಧಾನವನ್ನು 1960ರ ದಶಕದಲ್ಲಿ ರೂಢಿಗೆ ತಂದ ಬರ್ನಾರ್ಡ್ ಲೌನ್ ಅವರು ಅಣ್ವಸ್ತ್ರಗಳ ವಿರುದ್ಧ ವೈದ್ಯರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ಆ ಸಂಘಟನೆಗೆ 1985ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂದಿತ್ತು. ಇದನ್ನು ಹೇಳಿದಾಗ ತಾಯಿಯವರು ಬಹಳ ಸಂತೋಷಪಟ್ಟರು.

ರಕ್ತದೊತ್ತಡ ಕುಸಿದು ಎಚ್ಚರ ತಪ್ಪಿದ ರೋಗಿಗೆ ಮೂರು ವಾರ ಕಾಯಲಾಗದು. ಆಗ ಹೀಗೆ ಕೇಳುತ್ತ ನಿಲ್ಲುವುದು ತಪ್ಪು. ನಮಗೆ ಸಮಯವಿತ್ತು. ಆಸ್ಪತ್ರೆ ನಡೆಸುವ ನಮ್ಮ ಟ್ರಸ್ಟುಗಳು ಪ್ರಾಣಿಮೂಲದ ಔಷಧಗಳ ಮತ್ತು ಅವುಗಳ ಪರ್ಯಾಯಗಳ ಪಟ್ಟಿಯೊಂದನ್ನು ಔಷಧಾಲಯದಲ್ಲಿಟ್ಟರೆ, ಮಗನೊಬ್ಬ ಹೊರಗೆ ಪಿಸುಗುಡಬೇಕಾಗುವುದಿಲ್ಲ.

ಮನೆಗೆ ಬಂದ ರಾತ್ರಿ ತಾಯಿಯವರು ಕೇಳಿದರು: “ಬೇರೆ ಮದ್ದೇ ಇಲ್ಲದಿದ್ದರೆ ಏನು ಮಾಡುತ್ತಿದ್ದೆ, ಮಗಾ?”

“ನಿಮಗೆ ಹೇಳಿ, ತೆಗೆದುಕೊಳ್ಳಿ ಎಂದು ಕಾಲು ಹಿಡಿಯುತ್ತಿದ್ದೆ.”

ಅವರು ಜಪಮಾಲೆ ಕೈಗೆತ್ತಿಕೊಂಡರು. “ಒಪ್ಪುತ್ತಿದ್ದೆನೋ ಇಲ್ಲವೋ, ನನಗೂ ತಿಳಿಯದು” ಎಂದರು.